ರಕ್ತಗುಂಪುಗಳ ಸಾಕ್ಷ್ಯ: ಒಂದು ವಿಮರ್ಶೆ

ಕಳೆದ ವರ್ಷ ನಮ್ಮ ಎಂ.ಎ. ತರಗತಿಯ ವಿದ್ಯಾರ್ಥಿಯೊಬ್ಬರು ಭಾರತದ ಪ್ರಾಚೀನ ಜನಸಂಚಾರಗಳನ್ನು ಕುರಿತು ಬರೆದೊಪ್ಪಿಸಿದ ಪ್ರಬಂಧದಲ್ಲಿ ಒಂದು ವಾದವಿತ್ತು. ಬಿ ಗುಂಪಿನ ರಕ್ತವು ಭಾರತದಲ್ಲಿ ಹೇರಳವಾಗಿಯೂ ಪಶ್ಚಿಮ ಯೂರೋಪಿನಲ್ಲಿ ವಿರಳವಾಗಿಯೂ ಇದೆ. ಆದಕಾರಣ ಬಿ ರಕ್ತದ ಮೂಲಜನಾಂಗವೊಂದು ಭಾರತದಲ್ಲಿ ಹುಟ್ಟಿ ಹೊರಗೆ ಹರಡಿತು. ಎ ರಕ್ತದವರು ಹೊರಗಿನಿಂದ ಬಂದು ಕೂಡಿಕೊಂಡವರು ಎಂಬುದು ಆ ವಾದದ ಸಾರ. ಇದಕ್ಕೆ ಆಧಾರವೇನೆಂದು ಕೇಳಲಾಗಿ, ವಿದ್ಯಾರ್ಥಿ ಗ್ರಂಥಭಂಡಾರದಿಂದ ಹಳೆಯ ಕೈಪಿಡಿಯೊಂದನ್ನು ತಂದು ತೋರಿಸಿದರು. ಅವರದು ತಪ್ಪೇನೂ ಇಲ್ಲ. ಆ ಕೈಪಿಡಿಯನ್ನು ಓದತಕ್ಕ ಪುಸ್ತಕಗಳ ಪಟ್ಟಿಯಲ್ಲಿ ಸೇರಿಸಿದವರು ನಾವೇ. ಆ ವಾದವನ್ನು ‘ಒಂದು ಅಭಿಪ್ರಾಯ’ವೆಂಬ ಹೆಸರಿನಲ್ಲಿ, ಪರೀಕ್ಷಿಸದೆ, ಕೆಲವು ವರ್ಷ ಪಾಠ ಹೇಳಿದವರೂ ನಾವೇ. ಪ್ರಕೃತ ಲೇಖನ ಆ ಋಣವನ್ನು ತೀರಿಸುವ ಪ್ರಯತ್ನ.

ಚರಿತ್ರೆಯನ್ನು ಪಾಠ ಹೇಳತಕ್ಕವರು ಜೀವರಸಾಯನದ ವಿಷಯದಲ್ಲಿ ಬಾಯಿಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಮೊದಲು ಗಡಿ ದಾಟಿದವರು ನಾವಲ್ಲ; ರಕ್ತಪರೀಕ್ಷೆಯ ಅಂಕಿಗಳನ್ನು ಹಿಡಿದು ಜನಾಂಗಗಳ ಚರಿತ್ರೆಯನ್ನು ಬರೆಯಹೊರಟವರು. ಸಾಕ್ಷಿಯೊಂದು ಚರಿತ್ರೆಯ ಕಟಕಟೆಗೆ ಬಂದ ಮೇಲೆ ಅದನ್ನು ಪಾಟೀಸವಾಲಿಗೆ ಒಳಪಡಿಸುವ ಅಧಿಕಾರ ಚರಿತ್ರಕಾರನಿಗೆ ಇದ್ದೇ ಇದೆ. ಶಾಸನವೊಂದು ದೊರೆತಾಗ ಅದು ಏನು ಹೇಳುತ್ತದೆಂಬುದಕ್ಕೆ ಮುಂಚೆ, ಅದು ಯಾವ ಕಾಲದ್ದು, ಮೂಲವೋ ಪ್ರತಿಯೋ ಕೂಟವೋ ಎಂಬುದನ್ನು ವಿಚಾರಿಸುತ್ತೇವೆ. ರಕ್ತಗುಂಪಿನ ವಿಷಯದಲ್ಲಿ ಈ ಮೊದಲ ಪ್ರಶ್ನೆಯನ್ನೇ ನಾವು ಬಹುಕಾಲ ಕೇಳಲಿಲ್ಲ: ಎ ಮತ್ತು ಬಿ ಎಂಬ ಭೇದ ಹುಟ್ಟಿದ್ದು ಯಾವಾಗ?

ವಾದದ ಮೂಲವನ್ನು ಮೊದಲು ನೋಡೋಣ. ಮನುಷ್ಯರ ರಕ್ತದಲ್ಲಿ ಗುಂಪುಗಳಿರುವುದನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ ೧೯೦೧ರಲ್ಲಿ ವಿಯೆನ್ನಾದಲ್ಲಿ ವಿವರಿಸಿದರು. ಅದಾಗಿ ಹದಿನೈದು ವರ್ಷಗಳೊಳಗೆ ಮೊದಲನೆಯ ಮಹಾಯುದ್ಧ ಬಂದಿತು. ಗ್ರೀಸಿನ ಸಲೋನಿಕ ಪಟ್ಟಣದಲ್ಲಿ ಮಿತ್ರರಾಷ್ಟ್ರಗಳ ಸೇನೆ ಬೀಡುಬಿಟ್ಟಿದ್ದಾಗ, ಅಲ್ಲಿ ವೈದ್ಯರಾಗಿದ್ದ ಲುಡ್ವಿಕ್ ಹಿರ್ಷ್‌ಫೆಲ್ಡ್ ಮತ್ತು ಅವರ ಪತ್ನಿ ಹಾನ್ಕಾ ಹಿರ್ಷ್‌ಫೆಲ್ಡ್ ನಾನಾ ದೇಶಗಳ ಸುಮಾರು ೮,೦೦೦ ಜನರ ರಕ್ತವನ್ನು ಪರೀಕ್ಷಿಸಿದರು. ಅವರಲ್ಲಿ ಇಂಗ್ಲಿಷರು, ಫ್ರೆಂಚರು, ಸೆರ್ಬಿಯದವರು, ಆಫ್ರಿಕದ ಸೈನಿಕರು, ನಮ್ಮ ದೇಶದ ಸಿಪಾಯಿಗಳು ಎಲ್ಲರೂ ಇದ್ದರು. ಫಲಿತಾಂಶ ೧೯೧೯ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎ ಲಕ್ಷಣವುಳ್ಳವರ ಸಂಖ್ಯೆಯನ್ನು ಬಿ ಲಕ್ಷಣವುಳ್ಳವರ ಸಂಖ್ಯೆಯಿಂದ ಭಾಗಿಸಿ ಅವರು ಒಂದು ‘ಜೀವರಾಸಾಯನಿಕ ಸೂಚ್ಯಂಕ’ವನ್ನು ಏರ್ಪಡಿಸಿದರು. ಇಂಗ್ಲಿಷರಿಗೆ ಅದು ೪.೫, ಭಾರತೀಯರಿಗೆ ೦.೫. ಇದರಿಂದ, ಎ ಗುಂಪು ಯೂರೋಪಿನ ಉತ್ತರ ಅಥವಾ ಮಧ್ಯಭಾಗದಲ್ಲಿಯೂ ಬಿ ಗುಂಪು ಭಾರತದಲ್ಲಿಯೂ ಬೇರೆಬೇರೆಯಾಗಿ ಹುಟ್ಟಿದ ಎರಡು ಜನಾಂಗಗಳ ಗುರುತುಗಳಾಗಿರಬಹುದೆಂಬ ಊಹೆಯನ್ನು ಮುಂದಿಟ್ಟರು.

ಆ ದಂಪತಿಗಳಿಗೆ ಅನ್ಯಾಯವಾಗದಂತೆ ಒಂದು ಮಾತನ್ನು ಹೇಳಬೇಕು. ದೇಹಲಕ್ಷಣಗಳಲ್ಲಿ ಯೂರೋಪಿಯನರಿಗೆ ಹತ್ತಿರದವರೆಂದು ಆಗಿನ ಪಂಡಿತರು ಎಣಿಸಿದ್ದ ಭಾರತೀಯರೇ ರಕ್ತದಲ್ಲಿ ಅವರಿಂದ ಅತ್ಯಂತ ದೂರವಿದ್ದಾರೆಂಬುದನ್ನು ಅವರೇ ಎತ್ತಿ ತೋರಿಸಿದ್ದರು. ಎರಡು ಅಳತೆಗೋಲುಗಳು ಒಂದಕ್ಕೊಂದು ಹೊಂದದಿದ್ದರೆ ಯಾವುದಾದರೊಂದು ಸುಳ್ಳಾಗಿರಬೇಕು, ಅಥವಾ ಎರಡೂ. ಈ ಸಂಶಯವನ್ನು ಮುಂದಿನವರು ಬೆಳೆಸಲಿಲ್ಲ. ಊಹೆಯನ್ನು ಮಾತ್ರ ಬೆಳೆಸಿದರು. ೧೯೨೬ರಲ್ಲಿ ಓಟೋ ರೇಖೆ ಮೊದಲಾದವರು ಜರ್ಮನ್ ರಕ್ತಗುಂಪು ಸಂಶೋಧನ ಸಂಘವನ್ನು ಸ್ಥಾಪಿಸಿದ್ದು ಜನಾಂಗಗಳ ತರತಮವನ್ನು ರಕ್ತದಲ್ಲಿ ಹುಡುಕುವುದಕ್ಕಾಗಿ. ೧೯೪೨ರಲ್ಲಿ ಪಿ. ಬಿ. ಕ್ಯಾಂಡೆಲ ಎಂಬವರು ಯೂರೋಪಿನಲ್ಲಿರುವ ಬಿ ರಕ್ತವನ್ನೆಲ್ಲ ಐದನೆಯ ಶತಮಾನದಿಂದ ಹದಿನೈದನೆಯ ಶತಮಾನದವರೆಗೆ ನುಗ್ಗಿಬಂದ ಏಷ್ಯದ ದಂಡುಗಳ ಲೆಕ್ಕಕ್ಕೆ ಬರೆದರು. ಇಂಥ ಬರವಣಿಗೆಯಲ್ಲಿ ಒಂದು ವಿಚಿತ್ರ ಸೌಲಭ್ಯವಿದೆ: ಚರಿತ್ರೆಯಲ್ಲಿ ಹೇಗೂ ದಂಡಯಾತ್ರೆಗಳಿಗೆ ಕೊರತೆಯಿಲ್ಲದಿರುವುದರಿಂದ ಯಾವ ಅಂಕಿಗಾದರೂ ಒಂದು ದಂಡಯಾತ್ರೆ ಸಿಕ್ಕಿಯೇ ಸಿಕ್ಕುತ್ತದೆ. ಹಿರ್ಷ್‌ಫೆಲ್ಡರ ಗತಿಯನ್ನೂ ಇಲ್ಲಿ ನೆನೆಯಬೇಕು. ಯೆಹೂದಿ ವಂಶದವರೆಂಬ ಕಾರಣದಿಂದ ೧೯೪೧ರಲ್ಲಿ ನಾಜಿಗಳು ಅವರ ಕುಟುಂಬವನ್ನು ವಾರ್ಸಾದ ಘೆಟ್ಟೋವಿಗೆ ತಳ್ಳಿದರು. ೧೯೪೩ರಲ್ಲಿ ತಪ್ಪಿಸಿಕೊಂಡು ಬದುಕಿದರು.

ಈಗ ಸಾಕ್ಷಿಯನ್ನೇ ಕರೆಯೋಣ. ಎ ಎಂದರೇನು, ಬಿ ಎಂದರೇನು? ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ವಾಲ್ಟರ್ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ ೧೯೫೦ರ ದಶಕದಲ್ಲಿ ನಡೆಸಿದ ಸಂಶೋಧನೆಗಳಿಂದ ಇದು ಇತ್ಯರ್ಥವಾಯಿತು. ಜೀವಕೋಶಗಳ ಹೊರಮೈಮೇಲೆ ಸಕ್ಕರೆಯ ಅಣುಗಳು ಕೊಂಡಿಗಳಂತೆ ಒಂದಕ್ಕೊಂದು ಸೇರಿ ಸಣ್ಣ ಸರಪಣಿಗಳಾಗಿ ನಿಂತಿರುತ್ತವೆ. (ಮಧುಮೇಹದ ಪರೀಕ್ಷೆಯಲ್ಲಿ ಅಳೆಯುವ ಸಕ್ಕರೆಗೂ ಇದಕ್ಕೂ ಸಂಬಂಧವಿಲ್ಲ.) ಆ ಸರಪಣಿಯ ತುದಿಯಲ್ಲಿ ಗ್ಯಾಲಕ್ಟೋಸ್ ಎಂಬ ಸಕ್ಕರೆ ಸೇರಿದ್ದರೆ ಬಿ, ಅದರ ಸಮೀಪಬಂಧುವಾದ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ ಸೇರಿದ್ದರೆ ಎ, ಎರಡೂ ಬಗೆಯವು ಇದ್ದರೆ ಎಬಿ, ಯಾವುದೂ ಸೇರದೆ ಸರಪಣಿ ಮೊಟುಕಾಗಿದ್ದರೆ ಓ. ಈ ತುದಿಯ ಕೊಂಡಿಯನ್ನು ಸೇರಿಸುವುದು ಜೀವಕೋಶದೊಳಗಿನ ಒಂದು ಕಿಣ್ವ. ಇಂಥ ಕಿಣ್ವಗಳಿಗೆ ಗ್ಲೈಕೊಸಿಲ್ ಟ್ರಾನ್ಸ್‌ಫರೇಸ್ ಎಂದು ಹೆಸರು. ನಾವು ಸಕ್ಕರೆ ಜೋಡಿಸುವ ಕಿಣ್ವಗಳೆಂದು ಕರೆಯಬಹುದು. ಅವು ಸಕ್ಕರೆಯನ್ನು ಬರಿದಾಗಿ ಎತ್ತಿಕೊಳ್ಳುವುದಿಲ್ಲ; ನ್ಯೂಕ್ಲಿಯೋಟೈಡ್ ಎಂಬ ವಾಹಕಕ್ಕೆ ಕಟ್ಟಿದ ಸಕ್ಕರೆಯನ್ನು ಬಿಡಿಸಿ ಸರಪಣಿಗೆ ಅಂಟಿಸುತ್ತವೆ. ಈ ವಾಹಕವನ್ನು ಕಂಡುಹಿಡಿದ ಅರ್ಜೆಂಟೀನದ ಲೂಯಿಸ್ ಲೆಲ್ವಾರ್‌ಗೆ ೧೯೭೦ರಲ್ಲಿ ನೊಬೆಲ್ ಬಹುಮಾನ ಬಂದಿತು.

೧೯೯೦ರಲ್ಲಿ ಫುಮಿಇಚಿರೊ ಯಾಮಾಮೊಟೊ ಮತ್ತು ಸಂಗಡಿಗರು ಸಿಯಾಟಲ್ ನಗರದಲ್ಲಿ ಈ ಕಿಣ್ವದ ಜೀನನ್ನು ಓದಿದರು. ೩೫೪ ಅಮೈನೊ ಆಮ್ಲಗಳ ಈ ಕಿಣ್ವದಲ್ಲಿ ಎ ಪಾಠಕ್ಕೂ ಬಿ ಪಾಠಕ್ಕೂ ಇರುವ ವ್ಯತ್ಯಾಸ ಕೇವಲ ನಾಲ್ಕು ಸ್ಥಾನಗಳದು. ಆ ನಾಲ್ಕರಲ್ಲಿಯೂ ೨೬೬ ಮತ್ತು ೨೬೮ನೆಯ ಸ್ಥಾನಗಳೇ ಯಾವ ಸಕ್ಕರೆಯನ್ನು ಹಿಡಿಯಬೇಕೆಂಬುದನ್ನು ಬಹುಮಟ್ಟಿಗೆ ನಿರ್ಣಯಿಸುತ್ತವೆ. ಸೂಚ್ಯಂಕದ ೪.೫ಕ್ಕೂ ೦.೫ಕ್ಕೂ ನಡುವೆ ಜನಾಂಗಗಳ ಕಂದರವನ್ನು ಕಂಡವರ ಮುಂದೆ ಈಗ ಇರುವುದು ಇಷ್ಟು ಪಾಠಾಂತರ.

ಓ ಗುಂಪಿನ ಕಥೆ ಗ್ರಂಥಸಂಪಾದಕರಿಗೆ ಹೆಚ್ಚು ಪರಿಚಿತವಾದುದು. ಜೀನಿನ ಬರಹವನ್ನು ಜೀವಕೋಶ ಮೂರುಮೂರು ಅಕ್ಷರಗಳಂತೆ ಓದುತ್ತದೆ. ನಮ್ಮ ತಾಳೆಗರಿಗಳಲ್ಲಿರುವಂತೆ ಅಲ್ಲಿಯೂ ಪದಗಳ ನಡುವೆ ತೆರಪಿಲ್ಲ. ‘ಮಾವನು ಮನೆಗೆ ಬಂದನು’ ಎಂಬುದನ್ನು ಹಾಗೆ ಬರೆದು ‘ವ’ ಎಂಬ ಒಂದಕ್ಷರವನ್ನು ಲಿಪಿಕಾರ ಬಿಟ್ಟನೆನ್ನಿ. ಮೂರುಮೂರಾಗಿ ಒಡೆದು ಓದುವವನಿಗೆ ‘ಮಾನುಮ ನೆಗೆಬಂ ದನು’ ಎಂದು ಸಿಕ್ಕುತ್ತದೆ. ಬಿಟ್ಟದ್ದು ಒಂದಕ್ಷರ, ಕೆಟ್ಟದ್ದು ಇಡೀ ವಾಕ್ಯ. ಓ ಗುಂಪಿನ ಅತ್ಯಂತ ಸಾಮಾನ್ಯವಾದ ಜೀನಿನಲ್ಲಿ ೨೬೧ನೆಯ ಸ್ಥಾನದ ಒಂದಕ್ಷರ ಹೀಗೆಯೇ ಬಿದ್ದುಹೋಗಿದೆ. ಅಲ್ಲಿಂದ ಮುಂದೆ ಅರ್ಥ ಕೆಟ್ಟು, ಕಿಣ್ವ ಅರ್ಧಕ್ಕೇ ನಿಂತು ನಿಷ್ಕ್ರಿಯವಾಗುತ್ತದೆ.

ಇಷ್ಟರಿಂದಲೇ ಜನಾಂಗವಾದ ಬಿದ್ದುಹೋಗುವುದಿಲ್ಲ. ಪಾಠಾಂತರ ಚಿಕ್ಕದಾದರೇನು, ಒಂದು ಪಾಠ ಭಾರತದಲ್ಲಿಯೂ ಇನ್ನೊಂದು ಯೂರೋಪಿನಲ್ಲಿಯೂ ಹುಟ್ಟಿರಬಹುದಲ್ಲ ಎಂದು ಪ್ರತಿವಾದಿ ಕೇಳಬಹುದು; ಕೇಳತಕ್ಕದ್ದೇ. ಉತ್ತರ ದೊರೆಯುವುದು ಮನುಷ್ಯರಲ್ಲಲ್ಲ, ವಾನರಗಳಲ್ಲಿ. ೧೯೨೫ರಲ್ಲಿಯೇ ಲ್ಯಾಂಡ್‌ಸ್ಟೈನರ್ ಮತ್ತು ಫಿಲಿಪ್ ಮಿಲ್ಲರ್ ಇವರು ಮಾನವಸದೃಶ ವಾನರಗಳ ರಕ್ತವನ್ನು ಪರೀಕ್ಷಿಸಿ, ಅವುಗಳಲ್ಲಿಯೂ ಮನುಷ್ಯರವುಗಳನ್ನೇ ಹೋಲುವ ಗುಂಪುಗಳಿರುವುದನ್ನು ಪ್ರಕಟಿಸಿದ್ದರು. ಸಲೋನಿಕದ ಲೇಖನಕ್ಕೂ ಇದಕ್ಕೂ ನಡುವೆ ಕೇವಲ ಆರು ವರ್ಷ. ಒಂದು ಭೇದ ಚಿಂಪಾಂಜಿಯಲ್ಲಿಯೂ ಗಿಬ್ಬನ್ನಿನಲ್ಲಿಯೂ ಕಂಡುಬಂದರೆ ಅದು ಭಾರತದಲ್ಲೋ ಜರ್ಮನಿಯಲ್ಲೋ ಹುಟ್ಟಿರಲಾರದೆಂಬ ಸಂಶಯ ಯಾರಿಗಾದರೂ ಬರಬೇಕಾಗಿತ್ತು. ಕ್ಯಾಂಡೆಲರ ದಂಡಯಾತ್ರೆಯ ಲೇಖನ ಬಂದದ್ದು ಇದಾಗಿ ಹದಿನೇಳು ವರ್ಷಗಳ ಮೇಲೆ. ಅಜ್ಞಾನಕ್ಕೆ ಕ್ಷಮೆಯುಂಟು; ಕೈಗೆಟುಕುವ ಪತ್ರಿಕೆಯಲ್ಲಿ ಅಚ್ಚಾದದ್ದನ್ನು ನೋಡದಿದ್ದುದಕ್ಕೆ ಅಷ್ಟು ಸುಲಭವಾಗಿ ಇಲ್ಲ.

ಹಾಗೆಂದು ಆಗಿನ ಸಾಕ್ಷ್ಯ ಪೂರ್ಣವಾಗಿರಲಿಲ್ಲವೆಂಬುದನ್ನೂ ಒಪ್ಪಬೇಕು. ಹೋಲಿಕೆಯೆಲ್ಲ ಬಂಧುತ್ವವಲ್ಲ. ಒಂದೇ ಮಾತೃಕೆಯಿಂದ ಇಳಿದುಬಂದುದರಿಂದ ಎರಡು ಪ್ರತಿಗಳು ಹೋಲಬಹುದು. ಇಬ್ಬರು ಲಿಪಿಕಾರರು ತಾವಾಗಿ ಒಂದೇ ಬದಲಾವಣೆ ಮಾಡಿದುದರಿಂದಲೂ ಹೋಲಬಹುದು. ಎ ಪಾಠದಿಂದ ಬಿ ಪಾಠ ಆಗುವುದಕ್ಕೆ ಮುಖ್ಯವಾಗಿ ಎರಡು ಸ್ಥಾನಗಳ ವ್ಯತ್ಯಾಸ ಸಾಕಾಗಿರುವಾಗ, ಅದು ಮನುಷ್ಯನಲ್ಲೊಮ್ಮೆ ಗೊರಿಲ್ಲದಲ್ಲೊಮ್ಮೆ ಗಿಬ್ಬನ್ನಿನಲ್ಲೊಮ್ಮೆ ಬೇರೆಬೇರೆಯಾಗಿ ಆಗಿರಬಹುದೆಂದು ಹಲವು ವಿದ್ವಾಂಸರು ೧೯೯೦ರ ದಶಕದಲ್ಲಿ ಗಟ್ಟಿಯಾಗಿ ವಾದಿಸಿದರು. ಈ ವಾದ ಹುರುಳಿಲ್ಲದ್ದೆಂದು ನಾವು ಭಾವಿಸುವುದಿಲ್ಲ. ಅದಕ್ಕೆ ಬಲವಾದ ಉತ್ತರ ಬಂದದ್ದು ೨೦೧೨ರಲ್ಲಿ. ಲೋರ್ ಸೆಗುರೆಲ್ ಮತ್ತು ಸಹೋದ್ಯೋಗಿಗಳು ಆ ಎರಡು ಸ್ಥಾನಗಳನ್ನಷ್ಟೇ ನೋಡದೆ ಅವುಗಳ ಅಕ್ಕಪಕ್ಕದ ಬರಹವನ್ನೂ ನಾನಾ ವಾನರಗಳಲ್ಲಿ ಹೋಲಿಸಿ, ಮನುಷ್ಯರ ಮತ್ತು ಗಿಬ್ಬನ್‌ಗಳ ಎ–ಬಿ ಭೇದ ಒಂದೇ ಮೂಲದಿಂದ ಇಳಿದದ್ದೆಂದೂ, ಕನಿಷ್ಠ ೨ ಕೋಟಿ ವರ್ಷಗಳಷ್ಟು ಹಳೆಯದೆಂದೂ ತೋರಿಸಿದರು. ಅಂದರೆ ಮನುಷ್ಯ, ಚಿಂಪಾಂಜಿ, ಗೊರಿಲ್ಲ ಇವು ಕವಲೊಡೆಯುವುದಕ್ಕೆ ಬಹಳ ಹಿಂದೆಯೇ ಎರಡು ಪಾಠಗಳೂ ಇದ್ದವು. ಕವಲೊಡೆದಾಗ ಕೆಲವು ಶಾಖೆಗಳಲ್ಲಿ ಒಂದು ಪಾಠ ಕಳೆದುಹೋಯಿತು: ಚಿಂಪಾಂಜಿಗಳಲ್ಲಿ ಎ ಮತ್ತು ಓ ಕಂಡುಬರುತ್ತವೆ, ಗೊರಿಲ್ಲಗಳಲ್ಲಿ ಬಿ ಮಾತ್ರ. ಮನುಷ್ಯರು ಎರಡನ್ನೂ ಉಳಿಸಿಕೊಂಡರು. ಅಸ್ಸಾಮಿನ ಕಾಡುಗಳಲ್ಲಿರುವ ಹೂಲಾಕ್ ಯಾವ ಕುಲಕ್ಕೆ ಸೇರಿದೆಯೋ ಆ ಗಿಬ್ಬನ್‌ಗಳೂ ಉಳಿಸಿಕೊಂಡವು.

ಇದರ ಪರಿಣಾಮವನ್ನು ಸ್ವಲ್ಪ ನಿಂತು ನೋಡಬೇಕು. ಒಂದೇ ಮನೆಯಲ್ಲಿ ಅಣ್ಣನದು ಎ, ತಂಗಿಯದು ಬಿ ಎಂದಿರುವುದು ತೀರ ಸಾಮಾನ್ಯ. ಆ ಎರಡು ಸ್ಥಾನಗಳ ಮಟ್ಟಿಗೆ, ತಂಗಿಯ ಪಾಠಕ್ಕೆ ಅಣ್ಣನ ಪಾಠಕ್ಕಿಂತ ಗೊರಿಲ್ಲದ ಪಾಠ ಹತ್ತಿರದ್ದು, ಅಣ್ಣನದಕ್ಕೆ ಚಿಂಪಾಂಜಿಯದು. ಇದನ್ನು ಹಿಡಿದು ಅಣ್ಣತಂಗಿಯರ ವಂಶಚರಿತ್ರೆಯನ್ನು ಬರೆಯಲು ಯಾರೂ ಹೊರಡಲಾರರು. ಇಂಗ್ಲಿಷರು ಮತ್ತು ಭಾರತೀಯರು ಎಂದಾಗ ಮಾತ್ರ ಅದೇ ತರ್ಕ ಪಾಂಡಿತ್ಯವಾಗಿ ಕಂಡಿತು. ನಮ್ಮ ವಿದ್ಯಾರ್ಥಿಯ ಪ್ರಬಂಧದಲ್ಲಿದ್ದದ್ದೂ ಅದೇ. ಬಹುಕಾಲ ನಮ್ಮ ಪಾಠದಲ್ಲಿದ್ದದ್ದೂ ಅದೇ.

ಹಾಗಾದರೆ ಅಂಕಿಗಳು ಸುಳ್ಳೇ? ಸುಳ್ಳಲ್ಲ. ಆರ್ಥರ್ ಮೌರಂಟ್ ೧೯೫೪ರಲ್ಲಿ ಪ್ರಪಂಚದ ರಕ್ತಗುಂಪುಗಳ ಹಂಚಿಕೆಯನ್ನು ಕುರಿತ ಬೃಹದ್ಗ್ರಂಥವನ್ನು ಪ್ರಕಟಿಸಿದರು; ಅವರ ಶ್ರಮವನ್ನು ನಾವು ಗೌರವಿಸುತ್ತೇವೆ. ಏಷ್ಯದಿಂದ ಪಶ್ಚಿಮ ಯೂರೋಪಿನ ಕಡೆಗೆ ಸಾಗಿದಂತೆ ಬಿ ಕ್ರಮಕ್ರಮವಾಗಿ ಕಡಿಮೆಯಾಗುವುದು ನಿಜ. ಆದರೆ ಇಳಿಜಾರು ನಿಜವೆಂದ ಮಾತ್ರಕ್ಕೆ ಅದನ್ನು ಕೊರೆದ ಹೊಳೆ ಯಾವುದೆಂಬುದು ಗೊತ್ತಾಗುವುದಿಲ್ಲ. ರಕ್ತಗುಂಪುಗಳಿಂದ ದೇಹಕ್ಕೆ ಲಾಭನಷ್ಟವೇನೂ ಇಲ್ಲ, ಆದ್ದರಿಂದ ಅವು ವಂಶದ ನಿಷ್ಪಕ್ಷಪಾತ ಸಾಕ್ಷಿಗಳು ಎಂಬ ನಂಬಿಕೆ ಹಿಂದೆ ಬಲವಾಗಿತ್ತು. ೧೯೫೩ರಲ್ಲಿ ಏರ್ಡ್, ಬೆಂಟಾಲ್ ಮತ್ತು ರಾಬರ್ಟ್ಸ್ ಎ ಗುಂಪಿನವರಲ್ಲಿ ಜಠರದ ಕ್ಯಾನ್ಸರು ಇತರರಿಗಿಂತ ಹೆಚ್ಚಾಗಿ ಕಂಡುಬರುವುದನ್ನು ತೋರಿಸಿದಾಗಲೇ ಆ ನಂಬಿಕೆ ಅಲುಗಾಡಿತು. ಫಾಲ್ಸಿಪೇರಮ್ ಮಲೇರಿಯ ಓ ಗುಂಪಿನವರಲ್ಲಿ ವಿಷಮಸ್ಥಿತಿಗೆ ಹೋಗುವುದು ಕಡಿಮೆ. ಕಾಲರಾ ತಗಲಿದರೆ ಅದೇ ಓ ಗುಂಪಿನವರಲ್ಲಿ ಹೆಚ್ಚು ಉಗ್ರವಾಗುತ್ತದೆ. ಪ್ರಪಂಚದಲ್ಲಿ ಓ ಅತ್ಯಂತ ಕಡಿಮೆಯಾಗಿಯೂ ಬಿ ಅತ್ಯಂತ ಹೆಚ್ಚಾಗಿಯೂ ಇರುವ ಪ್ರದೇಶಗಳಲ್ಲಿ ಗಂಗೆಯ ಮುಖಜಭೂಮಿ ಒಂದು; ಕಾಲರಾದ ತವರೂ ಅದೇ. ಸಲೋನಿಕದಲ್ಲಿ ‘ಜನಾಂಗದ ಗುರುತು’ ಎನಿಸಿದ್ದು ರೋಗವೊಂದು ಶತಮಾನಗಳ ಕಾಲ ಆರಿಸಿ ಉಳಿಸಿದ ಗುರುತಾಗಿರಬಹುದು. ಇದೂ ಊಹೆಯೇ. ಆದರೆ ಒಂದೇ ಅಂಕಿಗೆ ಇಷ್ಟು ಬೇರೆಯಾದ ಎರಡು ವಿವರಣೆಗಳು ಹೊಂದುವುದಾದರೆ ಆ ಅಂಕಿಯೊಂದರಿಂದಲೇ ವಲಸೆಯನ್ನು ಸಾಧಿಸಲಾಗದು.

‘ರಕ್ತಗುಂಪು’ ಎಂಬ ಹೆಸರೂ ನಮ್ಮನ್ನು ದಾರಿತಪ್ಪಿಸಿದೆಯೆಂದು ಹೇಳಬೇಕು. ರಕ್ತವೆಂದರೆ ಕುಲ, ರಕ್ತವೆಂದರೆ ವಂಶ ಎಂಬ ಭಾವನೆ ಎಲ್ಲ ಭಾಷೆಗಳಲ್ಲಿಯೂ ಬೇರುಬಿಟ್ಟಿದೆ. ವಾಸ್ತವವಾಗಿ ಈ ಸಕ್ಕರೆಗಳು ಕೆಂಪು ಕಣಗಳ ಮೇಲೆ ಕಾಣಿಸಿಕೊಳ್ಳುವುದು ಮನುಷ್ಯ ಮತ್ತು ಮಾನವಸದೃಶ ವಾನರಗಳಲ್ಲಿ ಮಾತ್ರ. ಕೋತಿಗಳಲ್ಲಿ ಅವು ಜೊಲ್ಲು ಮತ್ತಿತರ ಸ್ರಾವಗಳಲ್ಲಿಯೂ ಅಂಗಾಂಶಗಳಲ್ಲಿಯೂ ಇದ್ದು ಕೆಂಪು ಕಣಗಳ ಮೇಲೆ ಇರುವುದಿಲ್ಲ. ಲ್ಯಾಂಡ್‌ಸ್ಟೈನರ್ ಇವನ್ನು ಮೊದಲು ಜೊಲ್ಲಿನಲ್ಲಿ ಕಂಡಿದ್ದರೆ ‘ಜೊಲ್ಲಿನ ಗುಂಪು’ಗಳೆಂಬ ಹೆಸರು ನಿಲ್ಲುತ್ತಿತ್ತೇನೋ, ಆಗ ಜೊಲ್ಲಿನ ಆಧಾರದ ಮೇಲೆ ಜನಾಂಗಗಳ ಗರಿಮೆಯನ್ನು ಹಾಡುವುದಕ್ಕೆ ಯಾರೂ ಅಷ್ಟು ಉತ್ಸಾಹ ತೋರುತ್ತಿರಲಿಲ್ಲ.

ಈ ಕಿಣ್ವ ಒಂಟಿಯಲ್ಲ. ಹಳೆಯ ಜೀನೊಂದು ಇಮ್ಮಡಿಯಾಗಿ, ಪ್ರತಿಗಳು ಬೇರೆಬೇರೆ ದಾರಿ ಹಿಡಿದು ಬೆಳೆದ ಒಂದು ಕುಟುಂಬಕ್ಕೆ ಅದು ಸೇರಿದೆ; ಮನುಷ್ಯನ ೯ನೆಯ ವರ್ಣತಂತುವಿನಲ್ಲಿ ಅದರ ಕೆಲವು ದಾಯಾದಿಗಳು ಈಗಲೂ ಇವೆ, ಆದರೆ ಬಹುಮಟ್ಟಿಗೆ ಕೆಟ್ಟುನಿಂತಿವೆ. ಅವುಗಳಲ್ಲಿ ಒಂದು ಮುಖ್ಯವಾದುದು. ಗ್ಯಾಲಕ್ಟೋಸನ್ನು ಇನ್ನೊಂದು ಬಗೆಯ ಸರಪಣಿಗೆ ಜೋಡಿಸಿ ‘ಆಲ್ಫ-ಗ್ಯಾಲ್’ ಎಂಬ ತುದಿಯನ್ನು ಮಾಡುವ ಕಿಣ್ವ ಅದು. ಹಸು, ಹಂದಿ, ಇಲಿ, ದಕ್ಷಿಣ ಅಮೆರಿಕದ ಕೋತಿಗಳು ಇವೆಲ್ಲ ಅದನ್ನು ಉಳಿಸಿಕೊಂಡಿವೆ. ಏಷ್ಯ ಆಫ್ರಿಕಗಳ ಕೋತಿಗಳಲ್ಲಿಯೂ ಮಾನವಸದೃಶ ವಾನರಗಳಲ್ಲಿಯೂ ಮನುಷ್ಯರಲ್ಲಿಯೂ ಅದು ಕೆಟ್ಟುಹೋಗಿ ೨ ಕೋಟಿ ವರ್ಷಗಳಿಗಿಂತ ಹೆಚ್ಚಾಗಿದೆ. ತಮ್ಮಲ್ಲಿಲ್ಲದ ಆ ಸಕ್ಕರೆಯನ್ನು ನಮ್ಮ ದೇಹಗಳು ಪರಕೀಯವೆಂದು ಎಣಿಸುತ್ತವೆ: ಕರುಳಿನ ಬ್ಯಾಕ್ಟೀರಿಯಗಳ ಪ್ರಚೋದನೆಯಿಂದ ಅದರ ವಿರುದ್ಧ ಪ್ರತಿಕಾಯಗಳು ಸದಾ ಸಿದ್ಧವಾಗಿರುತ್ತವೆಂಬುದನ್ನು ೧೯೮೪ರಲ್ಲಿ ಊರಿ ಗಲೀಲಿ ಮತ್ತು ಸಂಗಡಿಗರು ತೋರಿಸಿದರು. ಹಂದಿಯ ಅಂಗವನ್ನು ಮನುಷ್ಯನಿಗೆ ಜೋಡಿಸಿದರೆ ನಿಮಿಷಗಳಲ್ಲಿಯೇ ಕೆಡುತ್ತಿದ್ದುದಕ್ಕೆ ಮುಖ್ಯ ಕಾರಣ ಇದೇ. ೨೦೨೨ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ವೈದ್ಯರು ಹಂದಿಯ ಹೃದಯವನ್ನು ರೋಗಿಯೊಬ್ಬರಿಗೆ ಜೋಡಿಸಿದಾಗ, ಆ ಹಂದಿಯಲ್ಲಿ ಈ ಜೀನನ್ನು ಮೊದಲೇ ಕೆಡಿಸಲಾಗಿತ್ತು. ನಮ್ಮ ಪೂರ್ವಿಕರಲ್ಲಿ ತಾನಾಗಿ ಆದದ್ದನ್ನು ಹಂದಿಯಲ್ಲಿ ಕೈಯಾರೆ ಮಾಡಬೇಕಾಯಿತು. ರೋಗಿ ಸುಮಾರು ಎರಡು ತಿಂಗಳು ಬದುಕಿದ್ದರು.

ನಮ್ಮ ಪೂರ್ವಿಕರಲ್ಲಿ ಈ ಕಿಣ್ವ ಏಕೆ ನಶಿಸಿತು? ಆಲ್ಫ-ಗ್ಯಾಲ್ ತುದಿಯನ್ನು ಹೊತ್ತ ರೋಗಾಣುವೊಂದು ಮಹಾಮಾರಿಯಾಗಿ ಬಂದು, ಕಿಣ್ವ ಕೆಟ್ಟಿದ್ದ ಕೆಲವೇ ವಾನರಗಳು ಪ್ರತಿಕಾಯದ ಬಲದಿಂದ ಬದುಕಿಕೊಂಡುವೆಂದು ಗಲೀಲಿಯವರ ಊಹೆ. ಇತರ ಸಸ್ತನಿಗಳ ಜೀವಕೋಶದಲ್ಲಿ ಬೆಳ್ದ ಕೆಲವು ವೈರಸ್ಸುಗಳು ಆ ತುದಿಯನ್ನು ಹೊತ್ತು ಬರುತ್ತವೆಂಬುದೂ, ಮನುಷ್ಯನ ರಕ್ತದ ಪ್ರತಿಕಾಯ ಅವನ್ನು ನಾಶಮಾಡುತ್ತದೆಂಬುದೂ ಪ್ರಯೋಗಸಿದ್ಧ. ಊಹೆ ಸಂಭಾವ್ಯವಾದದ್ದು. ಆದರೆ ಇಂದು ಇರುವ ಪ್ರಯೋಜನದಿಂದ ಅಂದು ನಡೆದ ಘಟನೆಯನ್ನು ತೆಗೆಯುವುದು ಚರಿತ್ರಕಾರರು ಬಲ್ಲ ಹಳೆಯ ಮೋಸ. ಕೋಟೆ ಇಂದು ಪ್ರವಾಹವನ್ನು ತಡೆಯುತ್ತಿದ್ದರೆ ಅದನ್ನು ಪ್ರವಾಹಕ್ಕಾಗಿಯೇ ಕಟ್ಟಿದರೆಂದು ಹೇಳಲಾದೀತೆ? ಮಾರಿ ಬಂದಿತ್ತೆಂಬುದಕ್ಕೆ ಬೇರೊಂದು ಸಾಕ್ಷ್ಯ ದೊರೆಯುವವರೆಗೆ ಅದನ್ನು ಊಹೆಯೆಂದೇ ಪಾಠ ಹೇಳತಕ್ಕದ್ದು. ಒಮ್ಮೆ ಎಡವಿದ ನಮಗೆ ಈ ಎಚ್ಚರ ಹೆಚ್ಚಾಗಿ ಬೇಕು.

ಇಲ್ಲಿಯವರೆಗಿನ ಮಾತಿನಿಂದ, ಸಕ್ಕರೆ ಜೋಡಿಸುವ ಕಿಣ್ವಗಳಿಂದ ಮನುಷ್ಯಚರಿತ್ರೆಗೆ ಉಪಯೋಗವೇ ಇಲ್ಲವೆಂಬ ಅಭಿಪ್ರಾಯ ಬರಬಹುದು. ಹಾಗೆ ಬಂದರೆ ಇನ್ನೊಂದು ತಪ್ಪು. ಸಾಕ್ಷ್ಯಗಳಲ್ಲಿ ತರತಮವುಂಟು. ಕಾರ್ಲ್ ಲಾಖ್‌ಮನ್ನರ ಕಾಲದಿಂದ ಗ್ರಂಥಸಂಪಾದಕರು ಬಳಸುತ್ತ ಬಂದಿರುವ ನಿಯಮವೊಂದಿದೆ: ಎರಡು ಹಸ್ತಪ್ರತಿಗಳು ಸರಿಯಾದ ಪಾಠದಲ್ಲಿ ಒಂದಾಗಿದ್ದರೆ ಅವುಗಳ ಬಂಧುತ್ವ ಸಿದ್ಧಿಸುವುದಿಲ್ಲ, ವಿಲಕ್ಷಣವಾದ ತಪ್ಪಿನಲ್ಲಿ ಒಂದಾಗಿದ್ದರೆ ಸಿದ್ಧಿಸುತ್ತದೆ. ಆ ತಪ್ಪು ಯಾರ ಕೈಯಲ್ಲಾದರೂ ಆಗಬಹುದಾದಷ್ಟು ಸುಲಭದ್ದಾಗಿರಬಾರದು, ಅಷ್ಟೆ. ಎ ಮತ್ತು ಬಿ ಎರಡೂ ಕೆಲಸಮಾಡುವ ಪುರಾತನ ಪಾಠಗಳು. ಅವುಗಳಿಂದ ಇತ್ತೀಚಿನ ಬಂಧುತ್ವವನ್ನು ತಿಳಿಯಲಾಗದು. ಓ ತಪ್ಪಿನ ಪಾಠವಾದರೂ ಎಲ್ಲ ಓಗಳೂ ಒಂದಲ್ಲ: ಚಿಂಪಾಂಜಿಯ ಓ ಬೇರೆ ತಪ್ಪುಗಳಿಂದ ಆದದ್ದು, ಮೌನ ಒಂದೇ, ಕಾರಣ ಬೇರೆ. ಸ್ಪೇನಿನ ಎಲ್ ಸಿಡ್ರಾನ್ ಗುಹೆಯ ನಿಯಾಂಡರ್ತಾಲರ ಎಲುಬುಗಳಲ್ಲಿ ಮಾತ್ರ ನಮ್ಮ ೨೬೧ನೆಯ ಸ್ಥಾನದ ಲೋಪವೇ ೨೦೦೮ರಲ್ಲಿ ಕಂಡುಬಂದಿತು. ಹೀಗೆ ಓ ಕೂಡ ಇಂದಿನ ಯಾವ ಜನಾಂಗದ ಸ್ವತ್ತೂ ಅಲ್ಲ.

ವಿಲಕ್ಷಣವಾದ ತಪ್ಪಿಗೆ ನಮ್ಮ ದೇಶದಲ್ಲಿಯೇ ಒಳ್ಳೆಯ ಉದಾಹರಣೆಯಿದೆ. ೧೯೫೨ರಲ್ಲಿ ಮುಂಬಯಿಯಲ್ಲಿ ವೈ. ಎಂ. ಭೆಂಡೆ ಮತ್ತು ಸಹೋದ್ಯೋಗಿಗಳು, ಓ ಗುಂಪಿನಂತೆ ಕಂಡರೂ ಓ ರಕ್ತವನ್ನೇ ಸಹಿಸದ ಕೆಲವರನ್ನು ಗುರುತಿಸಿ ಆ ಗುಂಪನ್ನು ಪ್ರಕಟಿಸಿದರು. ಇದೇ ‘ಬಾಂಬೆ ಗುಂಪು’. ಎ ಬಿ ಕೊಂಡಿಗಳು ಸೇರುವುದಕ್ಕೆ ಮುಂಚೆ ಸರಪಣಿಗೆ ಫ್ಯೂಕೋಸ್ ಎಂಬ ಸಕ್ಕರೆ ಸೇರಿ ‘ಎಚ್’ ಎಂಬ ತಳಪಾಯ ಆಗಬೇಕು. ಅದನ್ನು ಜೋಡಿಸುವ ಕಿಣ್ವದ ಜೀನುಗಳು ಎರಡು: ಒಂದು ಕೆಂಪು ಕಣಕ್ಕೆ, ಇನ್ನೊಂದು ಜೊಲ್ಲು ಮೊದಲಾದ ಸ್ರಾವಗಳಿಗೆ. ಇವೂ ಇಮ್ಮಡಿಯಾದ ಒಂದೇ ಜೀನಿನ ಮಕ್ಕಳು. ೧೯ನೆಯ ವರ್ಣತಂತುವಿನಲ್ಲಿ ನೆರೆಹೊರೆಯಾಗಿವೆ. ಬಾಂಬೆ ಗುಂಪಿನವರಲ್ಲಿ ಎರಡೂ ಕೆಟ್ಟಿರುತ್ತವೆ. ಎ ಅಥವಾ ಬಿ ಕಿಣ್ವ ಸರಿಯಾಗಿಯೇ ಇದ್ದರೂ ಕೊಂಡಿ ಹಾಕುವುದಕ್ಕೆ ಜಾಗವಿಲ್ಲ. ಭಾರತದಲ್ಲಿ ಸುಮಾರು ೧೦,೦೦೦ಕ್ಕೆ ಒಬ್ಬರಂತೆ ಈ ಗುಂಪಿನವರಿದ್ದಾರೆಂದು ಎಣಿಕೆ. ಯೂರೋಪಿನಲ್ಲಿ ತೀರ ಅಪೂರ್ವ.

ಭಾರತದ ಬಾಂಬೆ ಗುಂಪಿನಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಎರಡು ಭಾಗಗಳದ್ದು: ಮೊದಲನೆಯ ಜೀನಿನ ೭೨೫ನೆಯ ಸ್ಥಾನದಲ್ಲಿ ಒಂದಕ್ಷರದ ಬದಲು ಇನ್ನೊಂದು; ಪಕ್ಕದ ಎರಡನೆಯ ಜೀನು ಸಂಪೂರ್ಣವಾಗಿ ಲೋಪ. ಇವೆರಡೂ ಒಟ್ಟಿಗೆ ತಾವಾಗಿ ಮತ್ತೊಂದು ಕಡೆ ಸಂಭವಿಸುವುದು ದುಸ್ಸಾಧ್ಯ. ಹಿಂದೂ ಮಹಾಸಾಗರದಲ್ಲಿ ಫ್ರೆಂಚರ ಅಧೀನದ ರೆಯುನಿಯನ್ ದ್ವೀಪದಲ್ಲಿಯೂ ಎಚ್ ತಳಪಾಯ ಕುಂದಿದ ಜನರಿದ್ದಾರೆ. ಅವರ ಜೀನುಗಳನ್ನು ೧೯೯೦ರ ದಶಕದಲ್ಲಿ ಓದಿದಾಗ, ಅಲ್ಲಿ ಎರಡು ಬೇರೆಬೇರೆ ತಪ್ಪುಗಳು ಕಂಡುಬಂದುವು. ಯೂರೋಪಿಯನ್ ಮೂಲದವರಲ್ಲಿದ್ದುದು ೩೪೯ನೆಯ ಸ್ಥಾನದ ತಪ್ಪು. ಭಾರತೀಯ ಮೂಲದವರಲ್ಲಿದ್ದುದು ೭೨೫ನೆಯ ಸ್ಥಾನದ್ದು, ಪಕ್ಕದ ಜೀನಿನ ಲೋಪದೊಂದಿಗೆ. ೧೮೪೮ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳ ದುಡಿಮೆಗೆಂದು ದಕ್ಷಿಣ ಭಾರತದಿಂದ ಕರಾರಿನ ಕೂಲಿಗಳನ್ನು ಆ ದ್ವೀಪಕ್ಕೆ ಹಡಗುಗಳಲ್ಲಿ ಸಾಗಿಸಿದ್ದು ಲಿಖಿತ ಆಧಾರಗಳಿಂದ ನಮಗೆ ಗೊತ್ತಿರುವ ವಿಷಯ. ಇಲ್ಲಿ ಕಿಣ್ವದ ಸಾಕ್ಷ್ಯವೂ ಕಾಗದದ ಸಾಕ್ಷ್ಯವೂ ಒಂದನ್ನೊಂದು ಅವಲಂಬಿಸದೆ ಒಂದೇ ಮಾತನ್ನು ಹೇಳುತ್ತವೆ. ಸೂಚ್ಯಂಕದಲ್ಲಿ ಲಕ್ಷಾಂತರ ಜನರ ಅಂಕಿಗಳಿಂದಲೂ ಆಗದ ಕೆಲಸ ಬೆರಳೆಣಿಕೆಯ ಕುಟುಂಬಗಳ ಕೆಟ್ಟ ಜೀನಿನಿಂದ ಆಗಿದೆ.

ನಮ್ಮ ವಿದ್ಯಾರ್ಥಿ ತಮ್ಮ ಪ್ರಬಂಧದ ಆ ಅಧ್ಯಾಯವನ್ನು ತೆಗೆದುಹಾಕಲು ಅನುಮತಿ ಕೇಳಿದರು. ತೆಗೆಯುವುದು ಬೇಡ, ಆ ವಾದ ಹೇಗೆ ಹುಟ್ಟಿ ಹೇಗೆ ನಿಂತಿತೆಂಬುದನ್ನೇ ಅಲ್ಲಿ ಬರೆಯಿರೆಂದು ಹೇಳಿದ್ದೇವೆ. ಹಳೆಯ ಕೈಪಿಡಿ ನಮ್ಮ ಪಟ್ಟಿಯಲ್ಲಿ ಇನ್ನೂ ಇದೆ. ಆದರೆ ಈ ವರ್ಷದಿಂದ ಅದರ ಆ ಪುಟಗಳನ್ನು ೧೯೧೯ರ ಸಲೋನಿಕದ ಲೇಖನ, ೧೯೨೫ರ ವಾನರರಕ್ತದ ಲೇಖನ ಇವೆರಡರ ಜೊತೆಯಲ್ಲಿಟ್ಟು ಓದಿಸಲಾಗುತ್ತದೆ.